ಇಬ್ಬರೂ ಬದುಕಿ ಬರುವ ಯುದ್ಧದ ಕಥೆ

ನಮ್ಮ ಸೋದರತ್ತೆಯಷ್ಟು ಪುಕ್ಕಲು ಜೀವ ಇಡೀ ಅಗ್ರಹಾರದಲ್ಲಿ ಇನ್ನೊಂದಿಲ್ಲ. ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತಾರೆ. ದಸರೆಗೆ ಮುಂಚೆ ಆನೆಗಳಿಗೆ ರೂಢಿಯಾಗಲೆಂದು ಕುಶಾಲತೋಪು ಹಾರಿಸಿ ತಾಲೀಮು ಮಾಡುತ್ತಾರಲ್ಲ, ಮೂರನೇ ತಾಲೀಮಿಗೆ ಆನೆಗಳೇ ಸುಮ್ಮನಾಗುತ್ತವೆ. ಎಪ್ಪತ್ತೆರಡು ವರ್ಷವಾದರೂ ಅತ್ತೆ ಮಾತ್ರ ಪಳಗಿಲ್ಲ! ಇಂಥವರಿಗೆ ಓದಲು ಏನು ಬೇಕು ಹೇಳಿ? ಯುದ್ಧದ ಕಥೆ! ಅದರಲ್ಲೂ ಒಬ್ಬ ಸಿಪಾಯಿ ಇನ್ನೊಬ್ಬ ಸಿಪಾಯಿಯನ್ನು ಪ್ರೀತಿಸುವ ಕಥೆ!

ಫೋನಿನಲ್ಲಿ ಹುಡುಕಿ, ಓದದೆಯೇ ಝೆರಾಕ್ಸ್ ಅಂಗಡಿಗೆ ಕಳಿಸಿ, ಪ್ರಿಂಟ್ ತೆಗೆಸಿ ಪಿನ್ ಹೊಡೆಸುತ್ತಾರೆ. ಆಮೇಲೆ ಮೊದಲು ಓದುವುದು ಕೊನೆಯ ಪುಟ. ಇಬ್ಬರೂ ಬದುಕಿದ್ದರೆ ಕಥೆ ಪಾಸು, ಒಬ್ಬ ಸತ್ತಿದ್ದರೂ ರದ್ದಿಗೆ. ಸಣ್ಣ ಕಥೆಯೇ ಯಾಕೆ ಬೇಕು ಅಂದರೆ, “ದಪ್ಪ ಪುಸ್ತಕ ಆದ್ರೆ ಒಬ್ಬ ಸಾಯೋದಕ್ಕೆ ಜಾಗ ಸಿಕ್ಬುಡುತ್ತೆ ಕಣೋ!” ಅನ್ನುತ್ತಾರೆ. ಯುದ್ಧವೇ ಯಾಕೆ? “ಅಲ್ಲಿ ಎಲ್ಲರೂ ಹೆದರಿರ್ತಾರೆ. ಯಾರು ಯಾರ ಕೈ ಹಿಡ್ಕೊಂಡ್ರೂ ಯಾರೂ ಕೇಳಲ್ಲ.”

ಪಾಸಾದ ಕಥೆಯನ್ನು ತಾವೊಬ್ಬರೇ ಓದಿ ಸುಮ್ಮನಿರುವ ಪೈಕಿ ಅಲ್ಲ ಅವರು. ಭಜನಾ ಮಂಡಳಿಯಲ್ಲಿ ಮಂಗಳಾರತಿ ಮುಗಿಯುತ್ತಿದ್ದಂತೆ ಕಾರ್ಯದರ್ಶಿಯವರ ಮಡಿಲಿಗೇ ಒಂದು ಪ್ರತಿ ಹಾಕಿದರು.

“ಇಬ್ಬರು ಗಂಡಸರಾ?!” ಆಕೆ ಹೌಹಾರಿದರು.

“ಅಸಭ್ಯ ಏನೂ ಇಲ್ಲ ಕಣ್ರೀ. ಒಬ್ಬನ ಕಾಲುಚೀಲ ಒದ್ದೆ ಆಗಿರುತ್ತೆ, ಇನ್ನೊಬ್ಬ ಒಣಗಿಸಿ ಕೊಡ್ತಾನೆ.”

ಕಾರ್ಯದರ್ಶಿ ಒಂದೆರಡು ಪುಟ ತಿರುವಿ, “ನಲವತ್ತು ವರ್ಷದಲ್ಲಿ ನಮ್ಮನೆಯವರು ನನ್ನದೊಂದು ಕರವಸ್ತ್ರ ಒಣಗಿಸಿದ್ದಿಲ್ಲ” ಎಂದು ಪ್ರತಿಯನ್ನು ಚೀಲಕ್ಕೆ ಸೇರಿಸಿದರಂತೆ. ಮರುವಾರ ಇನ್ನೂ ನಾಲ್ವರು ಕೇಳಿದರು!

ಊರೆಲ್ಲ ನಗಬಹುದು. ನನಗೆ ಮಾತ್ರ ನಡುಕ. ಊರಾಚೆ ಇಲವಾಲದ ನನ್ನ ಬಾಡಿಗೆ ಮನೆಯಲ್ಲಿ ಒಂಬತ್ತು ವರ್ಷದಿಂದ ನನ್ನ ಜೊತೆ ಒಬ್ಬನಿದ್ದಾನೆ. ಅಮ್ಮನ ಪಾಲಿಗೆ ಅವನು ಬಾಡಿಗೆ ಹಂಚಿಕೊಳ್ಳುವ ಗೆಳೆಯ. ನನ್ನ ಪಾಲಿಗೆ ಅವನು ಏನೆಂದು ಅಮ್ಮನಿಗೆ ಹೇಳುವ ಧೈರ್ಯ ನನಗೆ ಬಂದಿರಲಿಲ್ಲ. ಗೊತ್ತಾದರೆ ಅಮ್ಮ ನನ್ನ ಮುಖ ನೋಡುವುದನ್ನೇ ಬಿಟ್ಟರೆ? ಭಾನುವಾರದ ಊಟಕ್ಕೆ ಕರೆಯುವುದನ್ನು ನಿಲ್ಲಿಸಿದರೆ? ಅತ್ತೆಯ ಚೀಲ ಪಕ್ಕದ ಬೀದಿಯಿಂದ ಅಮ್ಮನ ಮನೆಯತ್ತ ಹೊರಟಿತೆಂದು ಗೊತ್ತಾದರೆ ಏನಾದರೊಂದು ನೆಪ ತೆಗೆದು ಅಮ್ಮನಿಗೆ ಫೋನ್ ಮಾಡುತ್ತಿದ್ದೆ.

ಕೊನೆಗೂ ಆ ದಿನ ಬಂತು. ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ವಾರ ಓದುವಂತಿಲ್ಲ, ಟಿವಿ ನೋಡುವಂತಿಲ್ಲ. “ನಾನು ಓದಿ ಹೇಳ್ತೀನಿ ಬುಡು” ಎಂದು ಅತ್ತೆ ಘೋಷಿಸಿದರು. ಅಂಗಡಿಯಿಂದ ಹೊಸ ಕಥೆ ತರುವ ಕೆಲಸ ನನಗೇ ಬಿತ್ತು! ದಾರಿಯಲ್ಲಿ ನನ್ನ ಮಹಾಬುದ್ಧಿ ಕೆಲಸ ಮಾಡಿತು. ಕೊನೆಯ ಪುಟವಿಲ್ಲದೆ ಅತ್ತೆ ಕಥೆ ಮುಟ್ಟುವುದಿಲ್ಲ ತಾನೆ? ಕಿತ್ತು, ಮಡಚಿ, ಜೇಬಿಗೆ ಸೇರಿಸಿದೆ.

ಅತ್ತೆ ಹಿಂದಿನಿಂದ ಪುಟ ತಿರುವಿ ಕಂಗಾಲಾದರು. “ಕೊನೇದೇ ಇಲ್ಲ! ಇದನ್ನ ಹೆಂಗೆ ಓದೋದು?”

ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಅಮ್ಮ, “ಓದಿ ಅತ್ತಿಗೆ, ಆಗಿದ್ದಾಗಲಿ” ಎಂದರು. ಅಲ್ಲಿಗೆ ನನ್ನ ಉಪಾಯ ಮಣ್ಣುಪಾಲಾಯಿತು.

ಅತ್ತೆ ಓದಿದರು. ಪ್ರತಿ ಗುಂಡಿನ ಸದ್ದಿಗೂ ತಾವೇ ನಡುಗುತ್ತಾ ಓದಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಬೆವರುತ್ತಾ ನಿಂತಿದ್ದೆ. ಗಾಯಾಳುವನ್ನು ಹೊತ್ತು ತರಲು ಒಬ್ಬ ಸಿಪಾಯಿ ಕಂದಕದಿಂದಾಚೆ ಹೋಗುತ್ತಾನೆ. ಶೆಲ್ಲುಗಳು ಬೀಳುತ್ತಿವೆ. ಇನ್ನೊಬ್ಬ ಅವನ ಹೆಸರು ಕೂಗುತ್ತಾನೆ, ಉತ್ತರವಿಲ್ಲ. ಅಲ್ಲಿಗೆ ಪುಟ ಮುಗಿಯಿತು.

“ಬಂದನಾ?” ಅಮ್ಮ ಕೇಳಿದರು.

ಅತ್ತೆ ಹಾಳೆಯ ಖಾಲಿ ಬೆನ್ನನ್ನು ತಿರುಗಿಸಿ ನೋಡಿದರು.

“ಪಾಪ, ಅವನು ಕಾಯ್ತಾ ಇದಾನೆ. ಬಂದನೋ ಇಲ್ಲವೋ?” ಅಮ್ಮ ಬಿಡಲಿಲ್ಲ.

ನನಗೆ ತಡೆಯಲಾಗಲಿಲ್ಲ. “ಪುಟ ನನ್ನ ಹತ್ತಿರ ಇದೆ” ಎಂದು ಜೇಬಿನಿಂದ ತೆಗೆದೆ. ಯಾಕೆ ಕಿತ್ತೆ ಎಂದು ಇಬ್ಬರೂ ಕೇಳಲಿಲ್ಲ. ಅತ್ತೆ ನನ್ನ ಕೈ ಹಿಡಿದು ಎಳೆದು, ಪಕ್ಕದಲ್ಲಿ ಕೂರಿಸಿಕೊಂಡರು. ಕುಕ್ಕರ್ ಕೂಗಿದರೂ ಬೆಚ್ಚುವ ಅದೇ ಅತ್ತೆ, “ನಿಧಾನವಾಗಿ ಓದು. ಹೆದರಬೇಡ, ನಾನಿದೀನಿ” ಎಂದರು.

ಓದಿದೆ. ಅವನು ತೆವಳಿಕೊಂಡು ಬಂದ. ಇವನು ಅವನ ಮುಖದ ಕೆಸರು ಒರೆಸಿದ, ಎಲ್ಲರೆದುರಿಗೇ ಅಪ್ಪಿಕೊಂಡ. ಕೊನೆಯ ಸಾಲಿಗೆ ಅಕ್ಷರಗಳೇ ಕಾಣದಂತಾಗಿ ಅತ್ತೆಯೇ ಓದಿ ಮುಗಿಸಿದರು.

ಅಮ್ಮ ಕಪ್ಪು ಕನ್ನಡಕದ ಮುಖವನ್ನು ಕಿಟಕಿಯತ್ತ ತಿರುಗಿಸಿದರು. ಮುಗಿಯಿತು, ಅಮ್ಮನನ್ನು ಕಳೆದುಕೊಂಡೆ ಎಂದುಕೊಂಡೆ.

“ನೀನು ಮದುವೆ ಬೇಡ ಬೇಡ ಅಂತಿದ್ದೆ” ಎಂದರು ಅಮ್ಮ ಮೆಲ್ಲಗೆ. “ಜ್ವರ ಬಂದ್ರೆ ನಿನಗೆ ಗಂಜಿ ಕಾಯಿಸಿ ಕೊಡೋರು ಯಾರು, ಬಾಡಿಗೆ ಹಂಚ್ಕೊಳ್ಳೋನು ಅದೆಲ್ಲ ಯಾಕೆ ಮಾಡ್ತಾನೆ, ಒಬ್ಬನೇ ಹೆಂಗಿದೀಯೋ ಅಂತ ದಿನಾ ಹೆದರ್ತಿದ್ದೆ ಕಣೋ. ಅವನು ಇದಾನಲ್ಲ, ನೀನು ಒಬ್ಬನೇ ಇಲ್ಲ ತಾನೆ?”

“ಇಲ್ಲಮ್ಮ” ಎಂದೆ.