ಅಳಿಸಲಿಕ್ಕೆಂದೇ ಎಳೆದ ವೃತ್ತ

ಜಗತ್ತಿನಲ್ಲಿ ಅತಿ ಹೆಚ್ಚು ಅನ್ಯಾಯಕ್ಕೊಳಗಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ, ಕನ್‌ಸ್ಟ್ರಕ್ಷನ್ ಸರ್ಕಲ್ ಎಂದು ಹೇಳುತ್ತೇನೆ. ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು. ಸುಳ್ಯದಲ್ಲಿ ಮನೆಗಳ ಪ್ಲಾನ್ ಬರೆದು ಹೊಟ್ಟೆ ಹೊರೆಯುವ ನನಗೆ ಅದಿಲ್ಲದೆ ಕೈಯೇ ಆಡುವುದಿಲ್ಲ. ಕಂಪ್ಯೂಟರಿನಲ್ಲಿ ಗೋಡೆಯ ಬಾಗು ಸರಿ ಬರಬೇಕಾದರೆ ಮೊದಲು ತೆಳುವಾಗಿ ಒಂದು ವೃತ್ತ ಎಳೆಯಬೇಕು, ಅದೇ ಈ ಸರ್ಕಲ್. ಅದರ ಅಂಚು ಹಿಡಿದು ಅಸಲಿ ಗೆರೆ ಹಾಕಿದ ಮೇಲೆ ವೃತ್ತವನ್ನು ಅಳಿಸಬೇಕು, ಗೋಡೆ ಎದ್ದ ಮೇಲೆ ಅಟ್ಟಣಿಗೆ ಬಿಚ್ಚುವ ಹಾಗೆ. ಅಕಸ್ಮಾತ್ ಉಳಿದರೂ ಪ್ರಿಂಟಿನಲ್ಲಿ ಮೂಡದಿರಲೆಂದು ನಾನು ಅದನ್ನು ಬೇರೆ ಲೇಯರಿನಲ್ಲಿಯೇ, ಅಂದರೆ ನಕ್ಷೆಯ ಬೇರೊಂದು ಪದರದಲ್ಲಿಯೇ, ಇಡುತ್ತೇನೆ. ಇಷ್ಟು ಶಿಸ್ತಿನ ಮನುಷ್ಯನಿಗೆ ಈ ಗತಿ!

ಅರಂತೋಡಿನ ಹಮೀದ್ ಹಾಜಿಯವರು ತಮ್ಮ ಹೊಸ ಮನೆಯ ಪ್ಲಾನ್ ನೋಡಲು ಆಫೀಸಿಗೆ ಬಂದಿದ್ದರು. ಅಂಗಳದಲ್ಲಿ ಕಾರು ತಿರುಗುವ ದಾರಿಯ ಬಾಗಿಗೆಂದು ಎಳೆದ ವೃತ್ತ ಪರದೆಯ ಮೇಲಿತ್ತು. ನಾನು ಚಹಾ ಹೇಳಲು ಹೊರಗೆ ಹೋದದ್ದೇ ತಡ, ಅವರು ಪರದೆಯ ಫೋಟೋ ಹೊಡೆದು ಮೇಸ್ತ್ರಿಗೆ ವಾಟ್ಸಾಪ್ ಮಾಡಿಬಿಟ್ಟರು. ನಮ್ಮ ಕಡೆ ಪ್ಲಾನಿನಲ್ಲಿ ಮನೆಯ ಹೊರಗೆ ವೃತ್ತ ಕಂಡರೆ ಅದು ಬಾವಿಯೇ, ಯಾರೂ ಎರಡನೆಯ ಮಾತು ಕೇಳುವುದಿಲ್ಲ. ಕೆಲವು ವಾರ ಬಿಟ್ಟು ನಾನು ಪ್ರಿಂಟ್ ಹಿಡಿದುಕೊಂಡು ಜಾಗಕ್ಕೆ ಹೋಗುವಷ್ಟರಲ್ಲಿ ಅಂಗಳದ ನಟ್ಟನಡುವೆ ಬಾವಿ ತೋಡಿ ಆಗಿತ್ತು.

“ಹಾಜಿಯವರೆ, ಎಂತ ಮಾಡಿದ್ದು ನೀವು? ಅದು ಕಾರು ತಿರುಗುವ ಜಾಗ!”

“ಕಾರು ಮಾರ್ಗದಲ್ಲಿ ನಿಲ್ತದೆ ಮಾರಾಯ್ರೆ. ನೀರು ಮಾರ್ಗದಲ್ಲಿ ಸಿಗ್ತದಾ? ನೀವು ರೌಂಡ್ ಹಾಕಿದಲ್ಲೇ ತೋಡಿದ್ದು. ಕುಡಿದು ನೋಡಿ, ಬೊಂಡದ ನೀರಿನ ಹಾಗೆ ಉಂಟು.”

ಕುಡಿದೆ. ನಿಜವಾಗಿಯೂ ಎಳನೀರಿನಂತೆ ಸಿಹಿಯಾಗಿತ್ತು. ಬೇಸಿಗೆ ಶುರುವಾಗುವ ಮೊದಲೇ ತಳ ಕಾಣುವ ನಮ್ಮ ಮನೆಯ ಬಾವಿ ನೆನಪಾಗಿ ಹೊಟ್ಟೆ ಉರಿಯಿತು.

ಹಾಜಿಯವರು ಸುಮ್ಮನಿರುವ ಜನವಲ್ಲ, ಕಂಡವರಿಗೆಲ್ಲ ಹೇಳಿದರು. ಸಂಪಾಜೆಯಿಂದ, ಬೆಟ್ಟಂಪಾಡಿಯಿಂದ ಜನ ಬರತೊಡಗಿದರು. “ಪ್ಲಾನ್ ಎಲ್ಲ ಬೇಡ, ಆ ಒಂದು ರೌಂಡ್ ಹಾಕಿ ಕೊಡಿ ಸಾಕು.” ನಾನೇನು ಕವಲುಕಡ್ಡಿ ಹಿಡಿದು ನೀರು ತೋರಿಸುವವನೇ? ಡಿಪ್ಲೊಮಾ ಓದಿದವನು ಸ್ವಾಮಿ! ನಾನು ಜೀವ ತೇಯ್ದು ಬರೆದ ಮೆಟ್ಟಿಲು, ಕಿಟಕಿಗಳನ್ನು ಕಣ್ಣೆತ್ತಿ ನೋಡದವರು, ನಾನು ಅಳಿಸಬೇಕೆಂದಿದ್ದ ಗೆರೆಗೆ ಕೈ ಮುಗಿಯುತ್ತಾರೆ.

ಮೊನ್ನೆ ಹಾಗೆ ಬಂದ ಒಬ್ಬರನ್ನು ಗದರಿಸಿ ಕಳಿಸಿದ ಕಥೆಯನ್ನು ಮನೆಯಲ್ಲಿ ಹೇಳುತ್ತಿದ್ದೆ. ಹೆಂಡತಿ ಖಾಲಿ ಕೊಡಪಾನ ನೆಲಕ್ಕಿಟ್ಟಳು.

“ಊರವರಿಗೆ ಬೈದದ್ದು ಸಾಕು. ನಮಗೂ ಒಂದು ಹಾಕಿ.”

“ನಿನಗೂ ತಲೆ ಕೆಟ್ಟಿತಾ?”

“ಹಾಕಿದ್ರೆ ಎಂತ ನಷ್ಟ?”

ಇದೆಲ್ಲ ಮೂಢನಂಬಿಕೆ ಎಂದು ತೋರಿಸಿಕೊಡುವುದಕ್ಕಾಗಿಯೇ ಲ್ಯಾಪ್‌ಟಾಪ್ ತೆರೆದು ನಮ್ಮ ಜಾಗದ ನಕ್ಷೆ ಹಾಕಿದೆ. ವೃತ್ತದ ಕಮಾಂಡ್ ಕೊಟ್ಟೆ. ಕೇಂದ್ರ ಎಲ್ಲಿ ಎಂದು ಕಂಪ್ಯೂಟರ್ ಕೇಳಿತು. ಹಾಜಿಯವರ ಅಂಗಳದ ನಕ್ಷೆಯಲ್ಲಿ ಕಣ್ಣು ಮಿಟುಕಿಸದೆ ಒತ್ತಿದ ಕೈ, ಇಲ್ಲಿ ಬಚ್ಚಲಿನ ಹಿಂದೆ ಹೋಯಿತು, ಬೇಲಿಯ ಬಳಿಗೆ ಹೋಯಿತು, ಅಡಿಯಲ್ಲಿ ಬಂಡೆ ಇದ್ದರೆ ಎಂದು ಹೆದರಿ ವಾಪಸು ಬಂತು. ಕೊನೆಗೆ ಮನಸ್ಸಿನಲ್ಲೇ ದೇವರನ್ನು ನೆನೆದು ಒತ್ತಿದೆ.

ಆಮೇಲೆ, ಇಷ್ಟು ವರ್ಷದ ಕಸುಬಿನಲ್ಲಿ ಮೊದಲ ಸಲ, ಆ ವೃತ್ತದ ಲೇಯರು ಪ್ರಿಂಟಿನಲ್ಲಿ ಮೂಡುವಂತೆ ಮಾಡಿದೆ.