ಆಂಪ್ಲಿಫಯರ್ ಬೇಡದ ಹೆಡ್‌ಫೋನ್

ಹೆಡ್‌ಫೋನ್ ಮಾರುವವನ ಬದುಕಿನಲ್ಲಿ ನಗುವಂಥದ್ದು ಏನು ನಡೆಯುತ್ತೆ ಅಂತ ನೀವು ಕೇಳಬಹುದು. ಕಿವಿ ಮುಚ್ಚಿಕೊಂಡ ಮನುಷ್ಯರನ್ನು ದಿನಕ್ಕೆ ಹತ್ತು ಸಲ ಎದುರಿಗೆ ಕೂರಿಸಿಕೊಂಡು ನೋಡಿ, ಏನಾದರೊಂದು ನಡೆದೇ ನಡೆಯುತ್ತೆ.

ನಮ್ಮದು ಕೊಯಮತ್ತೂರು ಕಡೆಯ ಸಿರುಮುಗೈಯ ನೇಕಾರರ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಮಗ್ಗ ಬಿಟ್ಟು ಅನ್ನೂರು ಬಸ್ ಸ್ಟ್ಯಾಂಡ್ ಎದುರಿಗೆ ಅಂಗಡಿ ಇಟ್ಟೆ. ಬಾಗಿಲು ಅನ್ನೋದೇ ಇಲ್ಲ, ಷಟರ್ ಎತ್ತಿದರೆ ಅಂಗಡಿಯೂ ಬಸ್ ಸ್ಟ್ಯಾಂಡೂ ಒಂದೇ. ಬರುವವರ ಕೈಯಲ್ಲಿರುವುದು ಫೋನು ಮಾತ್ರ. ಆಂಪ್ಲಿಫಯರ್ ಅಂತ ಇನ್ನೊಂದು ಡಬ್ಬಿ ಕೊಂಡು ಹೊತ್ತು ತಿರುಗುವವರು ಇಲ್ಲಿ ಯಾರೂ ಇಲ್ಲ. ಹಾಗಾಗಿ ಫೋನಿಗೆ ನೇರವಾಗಿ ಚುಚ್ಚಿದರೂ ತುಂಬಿ ಹಾಡುವಂಥ ಹೆಡ್‌ಫೋನ್‌ಗಳನ್ನು ಒಂದೊಂದಾಗಿ ನಾನೇ ಕೇಳಿ, ಆರಿಸಿ ತರುತ್ತೇನೆ.

ಸಣ್ಣ ನೂಲು

ಹೆಡ್‌ಫೋನ್ ಡಬ್ಬಿಯ ಮೇಲೆ ಓಮ್ ಅಂತ ಒಂದು ಸಂಖ್ಯೆ ಇರುತ್ತೆ. ಮೂವತ್ತೆರಡರ ಆಸುಪಾಸು ಇದ್ದರೆ ಸಾಮಾನ್ಯವಾಗಿ ಫೋನು ಅದನ್ನು ಸಲೀಸಾಗಿ ನಡೆಸುತ್ತೆ. ಮುನ್ನೂರು ಇದ್ದರೆ ಫೋನಿಗೆ ಏದುಸಿರು ಬರುತ್ತೆ. ಇದನ್ನು ಒಬ್ಬ ಸ್ಪಿನ್ನಿಂಗ್ ಮಿಲ್ ಸೂಪರ್‌ವೈಸರ್‌ಗೆ ಹೇಳಿದೆ. ಅವರು ನಕ್ಕರು. ಮಿಲ್ಲಿನಲ್ಲಿ ಇಪ್ಪತ್ತೈದು ವರ್ಷ ನೂಲು ನೋಡಿದವರು. ನೂಲಿನಲ್ಲಿ ನಲವತ್ತರ ಕೌಂಟಿಗಿಂತ ಎಂಬತ್ತರದ್ದು ನಯ, ಎಂಬತ್ತಕ್ಕಿಂತ ನೂರರದ್ದು ನಯ, ಸಂಖ್ಯೆ ಹೆಚ್ಚಾದರೆ ಸರಕು ಕೆಟ್ಟದ್ದು ಅನ್ನುವುದನ್ನು ನಾನು ಇವತ್ತೇ ಕೇಳಿದ್ದು ಅಂದರು. ಕೊಯಮತ್ತೂರಿನ ಒಂದು ಸ್ಟುಡಿಯೊಗೆಂದು ತರಿಸಿದ್ದರಲ್ಲಿ ಮುನ್ನೂರು ಓಮಿನದೊಂದು ಉಳಿದಿತ್ತು. ಇದಕ್ಕೆ ಆಂಪ್ಲಿಫಯರ್ ಬೇಕೇ ಬೇಕು, ಬೇಡ ಸಾರ್ ಅಂದೆ. ಕೇಳಲಿಲ್ಲ, ಹಾಕಿ ನೋಡಲೂ ಇಲ್ಲ, ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಮರುದಿನ ಬೆಳಗ್ಗೆ ಷಟರ್ ಎತ್ತುವಾಗಲೇ ನಿಂತಿದ್ದರು. ಹೇಗಿದೆ ಸಾರ್ ಅಂತ ಕೇಳಿದೆ. ಸೋಲೊಪ್ಪುವ ಮನುಷ್ಯರಲ್ಲ. ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ನೂಲು ರೊಂಬ ನೈಸಾಗಿದೆ ತಂಬಿ, ಕಿವಿಗೇ ಸಿಗ್ತಿಲ್ಲ. ಸ್ವಲ್ಪ ದಪ್ಪ ನೂಲಿಂದು ಇದ್ರೆ ಕೊಡು" ಅಂದರು.

ಮೈಕ್ ಸೆಟ್ ಯಜಮಾನರು

ಮಡತ್ತುಕುಳಂ ಕಡೆಯಿಂದ ಒಬ್ಬ ಯಜಮಾನರು ಬಂದರು. ಮೂವತ್ತು ವರ್ಷ ಮದುವೆ ಮುಂಜಿಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವರು. ಈಗ ಮಗಳು ಅನ್ನೂರಿನಲ್ಲಿ ಇದ್ದಾಳೆ, ಅಪ್ಪನಿಗೆ ಹೆಡ್‌ಫೋನ್ ಕೊಡಿಸಬೇಕೆಂದು ಕಳಿಸಿದ್ದಾಳೆ. ಇದಕ್ಕೆ ಆಂಪ್ಲಿಫಯರ್ ಬೇಡ ಅಂದ ಕೂಡಲೇ ಅವರ ಮುಖದಲ್ಲಿದ್ದ ನಂಬಿಕೆ ಹೊರಟುಹೋಯಿತು. ಹೆಡ್‌ಫೋನನ್ನು ಕೈಗೆ ತಗೊಂಡು ಬೆರಳಲ್ಲಿ ತಟ್ಟಿ, ಬಾಯಿಯ ಹತ್ತಿರ ಹಿಡಿದು "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಅಂದರು. ಸೌಂಡೇ ಬರಲಿಲ್ಲ ನೋಡು ಅಂತ ನನ್ನ ಕಡೆ ತಿರುಗಿದರು.

ನಾನು ಅವರ ಕಿವಿಗೆ ಹಾಕಿ, ಫೋನಿಂದ ಒಂದು ನಾದಸ್ವರದ ರಾಗ ಹಚ್ಚಿದೆ. ಕೈ ಕಟ್ಟಿಕೊಂಡು ಕೂತವರು ಹತ್ತು ನಿಮಿಷ ಅಲುಗಾಡಲಿಲ್ಲ. ಆಮೇಲೆ ತೆಗೆದು, ಈ ರಾಗವನ್ನು ಸಾವಿರ ಮದುವೆಯಲ್ಲಿ ಹಾಕಿದ್ದೇನೆ, ಊದುವ ಮನುಷ್ಯ ನಡುವೆ ಉಸಿರು ತಗೊಳ್ತಾನೆ ಅನ್ನೋದು ಇವತ್ತು ಗೊತ್ತಾಯಿತು ಅಂದರು. ಕಣ್ಣು ಒದ್ದೆಯಾಗಿತ್ತು. ಅವರು ಟವೆಲಿನಲ್ಲಿ ಮುಖ ಒರೆಸಿಕೊಂಡು, ಸ್ವಲ್ಪ ಲೆಕ್ಕ ಹಾಕಿ ಕೇಳಿದರು: "ಇಂಥದ್ದೇ ಇನ್ನೊಂದು ಆರುನೂರು ಸಿಗುತ್ತಾ? ಒಂದು ಕಲ್ಯಾಣ ಮಂಟಪಕ್ಕೆ ಆಗುತ್ತೆ."

ಅಮ್ಮನ ಸೀರೆ

ಅಂಗಡಿ ಇಟ್ಟ ಹೊಸತರಲ್ಲಿ ಅಮ್ಮನಿಗೂ ಒಂದು ಕೊಟ್ಟೆ. ಮಗ್ಗದ ಸದ್ದಿನ ನಡುವೆಯೂ ಫೋನಿನ ಹಾಡು ಸ್ಪಷ್ಟವಾಗಿ ಕೇಳಬೇಕು, ಅದೇ ನನ್ನ ಪರೀಕ್ಷೆ. ಅಮ್ಮ ಮೊದಲು ಒಪ್ಪಲಿಲ್ಲ. ಎಳೆ ಕಡಿದರೆ ಮಗ್ಗದ ಸದ್ದೇ ಹೇಳುತ್ತೆ, ಕಿವಿ ಮುಚ್ಚಿಕೊಂಡರೆ ಹೇಗೆ ಅಂದಳು. ನಾನು ಬಿಡಲಿಲ್ಲ. ಎರಡು ದಿನ ಹಾಡು ಕೇಳುತ್ತಾ ಸೀರೆ ನೇಯ್ದಳು. ಎಳೆ ಒಂದೂ ಕಡಿಯಲಿಲ್ಲ. ಆದರೆ ಹಾಡು ಓಡಿದಾಗ ಅಮ್ಮನ ಕಾಲೂ ಓಡಿತ್ತು, ಹಾಡು ಎಳೆದಾಗ ಕೈಯೂ ಎಳೆದಿತ್ತು. ಸೀರೆ ಬಿಚ್ಚಿ ಬೆಳಕಿಗೆ ಹಿಡಿದರೆ ಒಂದು ಮೊಳ ಬಿಗಿ, ಒಂದು ಮೊಳ ಸಡಿಲ. ಪಲ್ಲವಿ ಎಲ್ಲಿ, ಚರಣ ಎಲ್ಲಿ ಅಂತ ಸೀರೆ ನೋಡಿಯೇ ಹೇಳಬಹುದಿತ್ತು.

ಆ ಸೀರೆಯನ್ನು ಅಮ್ಮ ಮಾರಲಿಲ್ಲ, ತಾನೇ ಉಡುತ್ತಾಳೆ. ಯಾರಾದರೂ ಕೇಳಿದರೆ, ಇದು ನನ್ನ ಮಗನ ಡಿಸೈನ್ ಅನ್ನುತ್ತಾಳೆ.

ಗಿರಾಕಿ

ನನಗೆ ಮೂವತ್ಮೂರು ತುಂಬಿದರೂ ಮದುವೆ ಆಗಿರಲಿಲ್ಲ. ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಕಿವಿಗೆ ಹಾಕುವ ಸಾಮಾನು ಮಾರುವುದೂ ಒಂದು ಕೆಲಸವಾ ಅಂತ ಹೆಣ್ಣಿನ ಕಡೆಯವರ ಪ್ರಶ್ನೆ. ಅಮ್ಮ ಮಗ್ಗಕ್ಕೆ ವಾಪಸ್ ಬಾ ಅನ್ನಲು ಶುರು ಮಾಡಿದ್ದಳು. ನಾನೂ ಯೋಚಿಸುತ್ತಿದ್ದೆ.

ಒಂದು ಮಧ್ಯಾಹ್ನ ಅಪ್ಪ ಮಗಳು ಇಬ್ಬರು ಗಿರಾಕಿಗಳು ಬಂದರು. ತಮಿಳಲ್ಲೇ ಮಾತು. ಅಪ್ಪ ಅಂಗಡಿಯನ್ನು ಮೇಲಿಂದ ಕೆಳಗೆ ನೋಡಿ, ವ್ಯಾಪಾರ ಹೇಗೆ, ಅಂಗಡಿ ಸ್ವಂತದ್ದಾ, ಮನೆಯಲ್ಲಿ ಯಾರ್ಯಾರು ಅಂತ ಕೇಳುತ್ತಲೇ ಹೋದರು. ಹೆಡ್‌ಫೋನ್ ಬಗ್ಗೆ ಒಂದೂ ಕೇಳಲಿಲ್ಲ. ಮಗಳು ಮಾತ್ರ ಓಮ್ ಎಷ್ಟು, ನನ್ನ ಫೋನಿಗೆ ಆಂಪ್ಲಿಫಯರ್ ಇಲ್ಲದೆ ಸಾಕಾಗುತ್ತಾ ಅಂತ ಸರಿಯಾಗಿ ಕೇಳಿದಳು. ನನಗೆ ಖುಷಿಯಾಯಿತು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯದನ್ನು ಅವಳ ಕೈಗೆ ಕೊಟ್ಟು, ಒಂದು ಹಾಡು ಹಚ್ಚಿದೆ.

ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ತಮಗೇ ಸರಿಯಾಗಿ ಕೇಳಿಸುವುದಿಲ್ಲ, ಪಿಸುಗುಟ್ಟುತ್ತೇವೆ ಅಂದುಕೊಂಡು ಕೂಗುತ್ತಾರೆ. ಅವಳು ಅಪ್ಪನ ಕಡೆ ಬಾಗಿ, ನಮ್ಮ ಮನೆಯ ಕನ್ನಡದಲ್ಲಿ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಹೇಳಿದಳು: "ಅಪ್ಪಾ, ಫೋಟೋಕ್ಕಿಂತ ನೇರ್‌ಲೆ ಚೆನ್ನಾಗವ್ನೆ. ಮುಡಿ ಕೊಂಜ ಕಮ್ಮಿ, ಪರವಾಯಿಲ್ಲೆ. ಈ ಕಲ್ಯಾಣಕ್ಕೆ ನಂಗೆ ಸಮ್ಮದ."

ಆಗ ನನಗೆ ಗೊತ್ತಾಯಿತು, ಬಂದಿರುವುದು ಗಿರಾಕಿಗಳಲ್ಲ. ಅಮ್ಮ ಯಾರಿಗೋ ನನ್ನ ಫೋಟೋ ಕೊಟ್ಟಿದ್ದಾಳೆ. ಇವರು ಹೇಳದೆ ಕೇಳದೆ ಗಂಡು ನೋಡಲು ಬಂದಿದ್ದಾರೆ. ನನ್ನ ಕೈ ತಾನಾಗಿ ತಲೆಯ ಮೇಲೆ ಹೋಯಿತು.

ಅವಳು ಆಡಿದ್ದು ಕನ್ನಡವೇ. ಆದರೆ ನಮ್ಮ ಕನ್ನಡದಲ್ಲಿ ಅರ್ಧ ತಮಿಳು. ಕೂದಲಿಗೆ ಮುಡಿ, ಮದುವೆಗೆ ಕಲ್ಯಾಣ, ಒಪ್ಪಿಗೆಗೆ ಸಮ್ಮದ, ಈ ಮೂರೂ ಊರಿಗೆಲ್ಲ ಅರ್ಥವಾಗುವ ಮಾತುಗಳೇ. ಟೀ ಅಂಗಡಿಯವರು ಹಾಲು ಎತ್ತಿ ಹೊಯ್ಯುವುದನ್ನು ನಿಲ್ಲಿಸಿದರು. ಹೂ ಮಾರುವ ಅಜ್ಜಿ ಎದ್ದು ನಿಂತು ನನ್ನ ತಲೆ ನೋಡಿದಳು. ಅಪ್ಪ ಮೆಲ್ಲಗೆ ಮಗಳ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ, "ಅಮ್ಮಣಿ, ಎಲ್ಲಾರಿಗೂ ಕೇಳ್ತು" ಅಂದರು.

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಎಲ್ಲರೂ ನಾನೇನು ಹೇಳುತ್ತೇನೆ ಅಂತ ನೋಡುತ್ತಿದ್ದರು. ಕನ್ನಡದಲ್ಲಿ, "ನಂಗೂ ಸಮ್ಮದ" ಅಂದೆ.

ಎದುರಿಗೆ ಟೌನ್ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಕಂಡಕ್ಟರ್ ಎರಡು ಸಲ ಸೀಟಿ ಊದಿ, "ರೈಟ್, ಪೋಲಾಂ" ಅಂದರು, ಹೋಗೋಣ ಅಂತ. ಅದು ಡ್ರೈವರಿಗೆ ಹೇಳಿದ್ದೋ ನನಗೆ ಹೇಳಿದ್ದೋ, ಮದುವೆಯಾಗಿ ಮೂರು ವರ್ಷವಾದರೂ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.