ಗುಡ್ಡ ಹತ್ತಿದ ಕುಲ್ಫಿ

ನಸೀರುದ್ದೀನ ಹೊರಡುವ ಹೊತ್ತಿಗೆ ಭಗವಂತರಾಯರು ಅವನ ಸೈಕಲ್ಲಿನ ಹಿಂದಿನ ಗಾಲಿ ನೋಡಿ "ಅಯ್ಯೋ" ಅನ್ನಬಾರದಿತ್ತು. ಅಂದುಬಿಟ್ಟರು.

ನಸೀರುದ್ದೀನ ಪೆಡಲಿನ ಮೇಲಿಟ್ಟ ಕಾಲು ತೆಗೆದ. ಕ್ಯಾರಿಯರಿಗೆ ಕಟ್ಟಿದ ಥರ್ಮಾಕೋಲ್ ಡಬ್ಬಿಯಲ್ಲಿ, ಬರ್ಫ ಮತ್ತು ಉಪ್ಪಿನ ನಡುವೆ, ಹೆಂಡತಿ ಮುಬೀನಾ ಎರಡು ದಿನ ಹಾಲು ಕಾಸಿ ಅಚ್ಚಿಗೆ ತುಂಬಿದ ನೂರಿಪ್ಪತ್ತು ಕುಲ್ಫಿಗಳಿದ್ದವು. ಸುರಪುರದ ಗುಡ್ಡದ ಮೇಲಿನ ಶಾಲೆಯಲ್ಲಿ ಅಂದು ಆಟೋಟ. "ಹನ್ನೊಂದಕ್ಕ ಬರ್ರಿ. ಹುಡುಗರ ಕೈಗೆ ಗಟ್ಟಿ ಕುಲ್ಫಿ ಸಿಕ್ರ ನಾಳಿಂದ ಗೇಟಿನ ಮುಂದ ಮಾರೋ ಜಾಗಾ ನಿಮ್ಮದು. ಕರಗಿದ್ರ ಮತ್ತ ಈ ಕಡಿ ಹಾಯಬ್ಯಾಡ್ರಿ" ಎಂದು ಮುಖ್ಯ ಶಿಕ್ಷಕಿ ಸೌಭಾಗ್ಯ ಖಡಾಖಂಡಿತವಾಗಿ ಹೇಳಿದ್ದರು. ಆ ಗೇಟಿನ ಆಸೆಗೇ ಅವನು ಹಳೆಯ ಸೈಕಲ್ಲಿಗೆ ಬ್ಯಾಟರಿ ಮೋಟರು ಹಾಕಿಸಿದ್ದು.

"ಗಾಲ್ಯಾಗಿನ ಮೋಟರೇನೋ ತಮ್ಮಾ ಇದು?" ಪಕ್ಕದ ಮನೆಯ ನಿವೃತ್ತ ಲೈನ್‌ಮನ್ ಭಗವಂತರಾಯರು ಮೊಣಕಾಲೂರಿ ಕೂತೇಬಿಟ್ಟರು. "ಸಪಾಟ ರಸ್ತಾದಾಗ ಇದು ರಾಜಾ. ಏರಿನ್ಯಾಗ ಕಾದು ಕೂತಬಿಡ್ತದ. ನನ್ನ ಸೈಕಲ್ ನೋಡು, ಪೆಡಲ್ ಹತ್ರ ಮೋಟರ್. ಚೈನ್ ಹಿಡಿದು ಎಳೀತದ. ಗೇರ್ ಇಳಿಸಿದ್ರ ಗ್ವಾಡಿನೂ ಹತ್ತತದ!"

"ಕಾಕಾ, ಬರ್ಫ ಕರಗಾಕತ್ತದ. ಬರ್ತೀನ್ರಿ."

"ಏ, ಕೇಳ್ಕೊಂಡು ಹೋಗೋ."

ಎದುರಿನ ಸೈಕಲ್ ಅಂಗಡಿಯ ಹಂಪಣ್ಣನ ಕಿವಿಗೆ ಇದು ಬಿತ್ತು. ಗಾಲಿಯ ಮೋಟರು ಕೂಡಿಸಿಕೊಟ್ಟವನು ಅವನೇ. ನಟ್ಟು ತಿರುವುವ ಪಾನಾ ಹಿಡಿದುಕೊಂಡೇ ರಸ್ತೆ ದಾಟಿದ.

"ನನ್ನ ಕೆಲಸಕ್ಕ ಹೆಸರ ಇಡೋರು ಯಾರ್ರಿ? ನಿಮ್ಮ ಮೋಟರ್ ಏರಿನ್ಯಾಗ ಚೈನ್ ಹರೀತದ. ಆಮ್ಯಾಲ ಸೈಕಲ್ಲೇ ನಿಮ್ಮ ಹೆಗಲ ಮ್ಯಾಲ!"

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವುದು ಸುಳ್ಳಲ್ಲ. ಇವರ ಜಗಳದಲ್ಲಿ ಡಬ್ಬಿಯಿಂದ ಒಂದು ತಣ್ಣನೆಯ ಹನಿ ನಸೀರುದ್ದೀನನ ಪಾದದ ಮೇಲೆ ಬಿತ್ತು. ಅವನು ಬೆಚ್ಚಿಬಿದ್ದು, ಹಿಂದೆ ಮುಂದೆ ನೋಡದೆ ಹೊರಟುಬಿಟ್ಟ.

"ಗುಡ್ಡದಾಗೇ ಫೈಸಲಾ ಆಗ್ಲಿ!" ಎನ್ನುತ್ತ ಭಗವಂತರಾಯರು ತಮ್ಮ ಸೈಕಲ್ ಹತ್ತಿ ಬೆನ್ನಟ್ಟಿದರು. ಹಂಪಣ್ಣ ಅಂಗಡಿಯನ್ನು ದೇವರಿಗೆ ಬಿಟ್ಟು ಪಾನಾ ಸಮೇತ ಓಡಿಬಂದ.

ಅರ್ಧ ಏರಿಗೆ ಗಾಲಿಯ ಮೋಟರು ಕುಂಯ್‌ಗುಟ್ಟಿತು. ಮುಟ್ಟಿದರೆ ಕಾದ ಹಂಚು. ಇನ್ನೆರಡು ಮಾರು ಹೋಗಿ ಅದು ನಿಂತೇಹೋಯಿತು. ಹತ್ತು ಮೂವತ್ತೈದು. ನಸೀರುದ್ದೀನ ಇಳಿದು ನೂಕತೊಡಗಿದ.

"ನಾ ಹೇಳಿದ್ನಿಲ್ಲೋ?" ಭಗವಂತರಾಯರು ಸಣ್ಣ ಗೇರಿನಲ್ಲಿ ಸಲೀಸಾಗಿ ಬಂದು ಇಳಿದರು. ಮನಸ್ಸು ದೊಡ್ಡದು, ಡಬ್ಬಿಯನ್ನು ತಮ್ಮ ಸೈಕಲ್ಲಿಗೇ ಕಟ್ಟಿಕೊಟ್ಟರು. ನಸೀರುದ್ದೀನ ಹತ್ತಿದ. ನಿಜಕ್ಕೂ ಅದು ಹೋರಿಯ ಹಾಗೆ ಏರಿತು. ಕೊನೆಯ ತಿರುವಿನಲ್ಲಿ, ಮೋಟರು ಜಗ್ಗುತ್ತಿರುವಾಗಲೇ ಅವನು ಗಾಬರಿಯಲ್ಲಿ ಗೇರು ಬದಲಿಸಿದ. ಫಟ್! ಚೈನು ಹಾವಿನಂತೆ ರಸ್ತೆಯ ಮೇಲೆ ಬಿತ್ತು.

"ಹರೀತೇನು?" ಕೆಳಗಿನಿಂದ, ನಿಂತುಹೋದ ಸೈಕಲ್ಲನ್ನು ಭಗವಂತರಾಯರ ಜೊತೆ ನೂಕಿಕೊಂಡು ಬರುತ್ತಿದ್ದ ಹಂಪಣ್ಣನ ಧ್ವನಿ ಬಂತು. ಇಷ್ಟು ಸಂತೋಷ ಅವನಿಗೆ ಮದುವೆಯಲ್ಲೂ ಆಗಿರಲಿಲ್ಲ.

ಹತ್ತು ಐವತ್ತು. "ಜಗಳ ಆಮ್ಯಾಲ ಮಾಡ್ರೋ, ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ!" ಎಂದು ನಸೀರುದ್ದೀನ ಅಳುವ ದನಿಯಲ್ಲಿ ಕೂಗಿದ. ಕೆಟ್ಟ ಸೈಕಲ್ಲುಗಳೆರಡನ್ನೂ ಮೂವರೂ ಸೇರಿ, ಬೈದಾಡಿಕೊಳ್ಳುತ್ತಲೇ ಮೇಲಕ್ಕೆ ನೂಕಿದರು.

ಹತ್ತು ಐವತ್ತೆಂಟಕ್ಕೆ ಶಾಲೆ ಬಂತು. ನಸೀರುದ್ದೀನ ಮುಚ್ಚಳ ತೆಗೆದು ಒಂದು ಅಚ್ಚು ಬಿಚ್ಚಿದ. ಕುಲ್ಫಿ ಕಲ್ಲು! ಅವನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮುಖ್ಯ ಅತಿಥಿಗಳು ವೇದಿಕೆಯಿಂದ ಇಳಿದು ಬಂದರು. ಅವರು ನಿವೃತ್ತ ಇಂಜಿನಿಯರು. ಸೈಕಲ್ಲುಗಳನ್ನು ಕಂಡು ಅವರ ಮುಖ ಅರಳಿತು.

"ಪೆಟ್ರೋಲಿಲ್ದ ಗುಡ್ಡ ಹತ್ತ್ಯಾರ! ಮೇಡಮ್ಮೋರ, ಮದಲ ಇವರಿಗೆ ಸನ್ಮಾನ. ತಿನ್ನೋದು ಆಮ್ಯಾಲ."

ಶಾಲು ಬಂತು, ಹಾರ ಬಂತು, ಕುರ್ಚಿ ಬಂತು. ಡಬ್ಬಿಯನ್ನು ಎಲ್ಲರಿಗೂ ಕಾಣಲೆಂದು ಬಿಸಿಲಿನಲ್ಲಿ, ಬಾಯಿ ತೆರೆದು, ಮೇಜಿನ ಮೇಲಿಟ್ಟರು. ಶಾಲು ಹೊದ್ದವನು ನಡುವೆ ಎದ್ದು ಹೋದರೆ ಹೊದಿಸಿದವರಿಗೆ ಅವಮಾನ. ಆದರೂ ನಸೀರುದ್ದೀನ ಎದ್ದ. ಅತಿಥಿಗಳು ಭುಜ ಒತ್ತಿ ಕೂಡಿಸಿದರು.

"ಈಗ ಮಕ್ಕಳಿಗೆ ಹೇಳ್ರಿ, ಏರಿಗೆ ಯಾವ ಮೋಟರ್ ಚಲೋ?"

ಭಗವಂತರಾಯರು ಮೈಕು ಹಿಡಿದರು. ಹಂಪಣ್ಣ ಕಸಿದುಕೊಂಡ. ಅತಿಥಿಗಳು ಹಲಗೆ ತರಿಸಿ ಗೇರಿನ ಚಿತ್ರ ಬರೆದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಸೀರುದ್ದೀನ ಹಾರದೊಳಗಿಂದ ಡಬ್ಬಿಯನ್ನೇ ನೋಡುತ್ತ ಬೆವರಿದ.

ಹನ್ನೆರಡೂ ಕಾಲಿಗೆ ವಂದನಾರ್ಪಣೆ ಮುಗಿಯಿತು. ಸೌಭಾಗ್ಯ ಟೀಚರು ಒಂದು ಅಚ್ಚು ಬಿಚ್ಚಿದರು. ಅದು ಅವರ ಇಳಕಲ್ ಸೀರೆಯ ಮೇಲೆ ಹರಿಯಿತು.

"ನಾ ಹೇಳಿದ್ದು ಕುಲ್ಫಿ. ನೀವು ತಂದದ್ದು ಬಾಸುಂದಿ."

"ಮೇಡಮ್ಮೋರ, ಹನ್ನೊಂದಕ್ಕ ಗಟ್ಟಿ ಇದ್ವುರಿ!"

"ಹನ್ನೊಂದಕ್ಕ ನೀವು ಸ್ಟೇಜಿನ ಮ್ಯಾಲ ಕುಂತಿದ್ರಿ."

ನಸೀರುದ್ದೀನ ಹೊಸ ಶಾಲಿನಿಂದ ಮೇಜು ಒರೆಸಿ, ಡಬ್ಬಿ ಕಟ್ಟಿ, ಸೈಕಲ್ ಹತ್ತಿದ. ಇಳಿಜಾರಿಗೆ ಯಾವ ಮೋಟರೂ ಬೇಕಾಗಲಿಲ್ಲ.